ಕಾರು ನಮ್ಮದು, ಹೆಸರು ಅವರದು

ಹೋದ ತಿಂಗಳು ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಶೇಂಗಾ ಮಾರಿದ ದುಡ್ಡು ಕೈಯಲ್ಲಿತ್ತು. ಕೂತವನೇ ಮಾತು ತೆಗೆದ.

"ಮಾವ, ದಾವಣಗೆರೇಲಿ ಒಂದು ವ್ಯಾಗನಾರ್ ನೋಡೀನಿ. 2012ರದ್ದು. ಒಂದೂಮುಕ್ಕಾಲು ಹೇಳ್ತಾರೆ, ಒಂದೂವರೆಗೆ ಬಿಡ್ತಾರೆ. ನೀನೊಂದ್ಸಲ ಬಂದು ನೋಡು."

"ನೋಡೋಣ. ಹೆಸರಿಗೆ ಯಾವಾಗ ಮಾಡಿಸ್ಕೋತೀಯ?"

"ಹೆಸರು ಸದ್ಯಕ್ಕೆ ಬ್ಯಾಡ ಮಾವ. ಕಾರ್ಡ್ ಹೋಗ್ತೈತೆ."

ನಾನು ಎಲೆ ಅಡಿಕೆ ಕೆಳಗಿಟ್ಟೆ. ಈ ಮಾತನ್ನ ಏಳು ವರ್ಷದ ಹಿಂದೆ ನಾನೇ ಆಡಿದ್ದೆ. ಅದರಿಂದ ಏನಾಯಿತು ಅಂತ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೀನಿ. ಯಾಕಂದ್ರೆ ಹಳೇ ಕಾರು ಕೊಳ್ಳೋ ಆಸೆ ಈಗ ನಮ್ಮಂಥ ಬೆದ್ದಲು ರೈತರ ಮನೆಗೂ ಬಂದಿದೆ. ಕಾರ್ಡಿನ ಭಯವೂ ಜೊತೆಗೇ ಬಂದಿದೆ.

ನಮ್ಮೂರು ಚಳ್ಳಕೆರೆಯಿಂದ 22 ಕಿಲೋಮೀಟರ್. ದಿನಕ್ಕೆ ಮೂರು ಬಸ್ಸು, ಕೊನೇದು ಸಂಜೆ ಆರೂವರೆಗೆ. 2018ರ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮವ್ವನಿಗೆ ಉಸಿರು ಹಿಡಿದುಕೊಳ್ತು. ಊರಲ್ಲಿದ್ದದ್ದು ಎರಡು ಕಾರು. ಒಂದು ಮದುವೆಗೆ ಹೋಗಿತ್ತು, ಇನ್ನೊಂದು ಕೆಟ್ಟು ನಿಂತಿತ್ತು. ಕೊನೆಗೆ ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಹೋದೆವು. ಮಳೆ ಬರ್ತಿತ್ತು, ಮೇಲೆ ತಾಡಪಾಲು ಹಿಡ್ಕೊಂಡು ನನ್ನ ಹೆಂಡತಿ ಕೂತಿದ್ದಳು. ಅವ್ವ ಉಳಿದಳು. ಆ ವರ್ಷ ಸುಗ್ಗಿ ಮುಗಿದ ಮೇಲೆ ಡಿಸೆಂಬರಿನಲ್ಲಿ ಒಂದು ಹಳೇ ಆಲ್ಟೋ ತಂದೆ. 2009ರ ಗಾಡಿ, 95 ಸಾವಿರ. ಮಾರಿದವರು ಪರಿಚಯದ ಮೇಷ್ಟ್ರು, ಒಳ್ಳೆಯವರು, ಗಾಡಿಯನ್ನೂ ಚೆನ್ನಾಗಿ ಇಟ್ಟಿದ್ದರು.

ಹೆಸರು ಬದಲಾಯಿಸಿಕೊಳ್ಳಿ ಅಂತ ಅವರೇ ಎರಡು ಸಲ ಹೇಳಿದರು. "ಆಯ್ತು ಸಾರ್, ಮಾಡಿಸ್ತೀನಿ" ಅಂದೆ. ಮಾಡಿಸಲಿಲ್ಲ. ನಮ್ಮದು ಆರು ಎಕರೆ ಬೆದ್ದಲು, ಬಿಪಿಎಲ್ ಕಾರ್ಡು ಇತ್ತು. ಮನೆಯವರ ಹೆಸರಲ್ಲಿ ಬಿಳಿ ಬೋರ್ಡಿನ ಕಾರಿದ್ದರೆ ಕಾರ್ಡು ರದ್ದು ಅನ್ನೋದು ಊರಿಗೆಲ್ಲ ಗೊತ್ತಿದ್ದ ಮಾತು. ಕಾರು ನಮ್ಮ ಅಂಗಳದಲ್ಲಿ, ಹೆಸರು ಮೇಷ್ಟ್ರದು. ಎರಡೂ ಉಳೀತು ಅಂತ ಬುದ್ಧಿವಂತ ಅಂದುಕೊಂಡಿದ್ದೆ.

2021ರ ಮಾರ್ಚಿನಲ್ಲಿ ನನ್ನ ಮಗ ಸಂತೆಯಿಂದ ಬರುವಾಗ ಒಂದು ಟಿವಿಎಸ್ ಗಾಡಿಗೆ ಗುದ್ದಿದ. ಆ ಕಡೆಯವನೂ ನಮ್ಮ ಹಾಗೇ ರೈತ. ಕಾಲು ಮುರೀತು, ರಾಡು ಹಾಕಿದರು. ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯದಲ್ಲಿದ್ದೆ. ಪೇಪರು ತೆಗೆದು ನೋಡಿದರೆ 20 ದಿನದ ಹಿಂದೆ ಮುಗಿದಿತ್ತು. ನವೀಕರಣ ಮಾಡಿಸಿ ಅಂತ ಮೆಸೇಜು ಬಂದಿದ್ದೆಲ್ಲ ಮೇಷ್ಟ್ರ ಫೋನಿಗೆ. ಅವರು ಕಾರು ಮಾರಿ ಆಗಿದೆ ಅಂತ ಅಳಿಸಿ ಹಾಕಿದ್ದಾರೆ. ನನಗೆ ಯಾರು ಹೇಳಬೇಕು?

ಆಮೇಲೆ ಕೋರ್ಟಿನ ನೋಟೀಸು ಬಂತು. ಗಾಡಿ ಓಡಿಸಿದ ಮಗನಿಗೆ ಒಂದು, ಮಾಲೀಕರು ಅಂತ ಮೇಷ್ಟ್ರಿಗೆ ಒಂದು. ನನ್ನ ಹೆಸರು ಎಲ್ಲೂ ಇಲ್ಲ! ಎರಡು ವರ್ಷದಿಂದ ಪೆಟ್ರೋಲು ಹಾಕಿಸಿದವನು ನಾನು, ಕಾನೂನಿನ ಕಣ್ಣಿಗೆ ನಾನು ಕಾರಿನವನೇ ಅಲ್ಲ. ವಕೀಲರು ವಿವರಿಸಿದರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ತೀರ್ಮಾನ ಮಾಡಿದೆ. ಕಾರು ಎಷ್ಟೇ ಕೈ ಬದಲಾಗಿರಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರ ಅವರೇ ಕೊಡಬೇಕು.

ರಿಟೈರಾದ ಮೇಷ್ಟ್ರು ನೋಟೀಸು ಹಿಡಿದುಕೊಂಡು ಬಸ್ಸಿನಲ್ಲಿ ನಮ್ಮನೆಗೆ ಬಂದರು. ಜಗಲಿ ಮೇಲೆ ಕೂತರು. ಬೈಯಲಿಲ್ಲ. "ಎರಡು ಸಲ ಹೇಳಿದ್ದೆನಲ್ಲಪ್ಪಾ" ಅಂದರು ಅಷ್ಟೇ. ಟೀ ಕೊಟ್ಟರೆ ಕುಡಿಯಲಿಲ್ಲ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಲೋಕ ಅದಾಲತ್ತಿನಲ್ಲಿ 1,85,000ಕ್ಕೆ ರಾಜಿ ಆಯಿತು. ಹದಿನಾಲ್ಕು ಕುರಿ ಮಾರಿದೆ, 1,15,000 ಬಂತು. ಉಳಿದ 70 ಸಾವಿರಕ್ಕೆ ಹೆಂಡತಿಯ ಓಲೆ, ಸರ ಅಡ ಇಟ್ಟೆ. 95 ಸಾವಿರದ ಕಾರಿಗೆ ಅದರ ಎರಡರಷ್ಟು ದಂಡ ಕಟ್ಟಿದ ಹಾಗಾಯಿತು. ವರ್ಷಕ್ಕೆ ಎರಡೂವರೆ ಮೂರು ಸಾವಿರದ ಇನ್ಶೂರೆನ್ಸು ಚಾಲ್ತಿಯಲ್ಲಿದ್ದಿದ್ದರೆ ಆ ದುಡ್ಡು ಕಂಪನಿ ಕೊಡ್ತಿತ್ತು. ಕೇಸು ಮುಗಿದ ವಾರವೇ ಹೋಗಿ ಹೆಸರು ಬದಲಾಯಿಸಿದೆ. ಸ್ವಲ್ಪ ದಿನದಲ್ಲಿ ಕಾರ್ಡು ಎಪಿಎಲ್ ಆಯಿತು.

ಎತ್ತು ನೋಡುವ ಹಾಗೆ ನೋಡಿ

ಹಾಗಂತ ಹಳೇ ಕಾರು ಕೊಳ್ಳಲೇಬೇಡಿ ಅಂತ ನಾನು ಹೇಳೋದಿಲ್ಲ. ಜಾತ್ರೆಯಲ್ಲಿ ಎತ್ತು ತರುವಾಗ ನಾವು ಬಣ್ಣ ನೋಡಿ ದುಡ್ಡು ಕೊಡ್ತೀವಾ? ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡೆಸಿ ನೋಡ್ತೀವಿ, ಆಗಿದ್ದರೆ ನೊಗ ಹಾಕಿ ಎರಡು ಸಾಲು ಹೊಡೆಸಿ ನೋಡ್ತೀವಿ. ಕಾರಿನ ಮುಂದೆ ನಿಂತಾಗ ಮಾತ್ರ ಪಾಲೀಶು, ಸೀಟಿನ ಕವರು, ಹಾಡಿನ ಡಬ್ಬ ನೋಡಿ ಮರುಳಾಗ್ತೀವಿ.

ಬೆಳಿಗ್ಗೆ ಬೇಗ ಹೋಗಬೇಕು. ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರಬೇಕು. ಹೋದ ತಕ್ಷಣ ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಬಹುದು. ತಣ್ಣಗಿರೋ ಇಂಜಿನ್ನು ಮಾತ್ರ ತನ್ನ ಕಾಯಿಲೆ ಹೇಳುತ್ತೆ. ಸ್ಟಾರ್ಟ್ ಆದಾಗ ಸೈಲೆನ್ಸರಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಾ ಇದೆ ಅಂತ ಅರ್ಥ, ಇಂಜಿನ್ ಬಿಚ್ಚೋ ಕೆಲಸ. ಆಯಿಲ್ ಹಾಕೋ ಮುಚ್ಚಳ ತೆಗೆದು ಅದರ ಒಳಗಡೆ ನೋಡಿ. ಮೊಸರಿನ ಕೆನೆ ಥರ ಬಿಳಿ ಜಿಡ್ಡು ಮೆತ್ತಿದ್ದರೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ಮುಂದೆ ಹೋಗಬೇಡಿ. ಕಾಲ ಕೆಳಗಿನ ಹಾಸು ಎತ್ತಿ ತುಕ್ಕು ನೋಡಿ. ಟೈರು ಒಂದೇ ಮಗ್ಗುಲು ಸವೆದಿದೆಯಾ ನೋಡಿ.

ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ತೋರಿಸ್ತಾ ಇದೆ ಅಂತ ಹಿಗ್ಗಬೇಡಿ. ಅದನ್ನ ತಿರುಗಿಸೋರಿದ್ದಾರೆ. ಕ್ಲಚ್ಚು, ಬ್ರೇಕಿನ ಪೆಡಲ್ ರಬ್ಬರು ನೋಡಿ. ರಬ್ಬರು ಸವೆದು ನುಣ್ಣಗಾಗಿ ಮೀಟರು 40 ಸಾವಿರ ಅಂತಿದ್ದರೆ ಸುಳ್ಳು ಹೇಳ್ತಿರೋದು ಮೀಟರೇ ಸರಿ. ಹಳೇ 800 ಸಿಸಿ ಆಲ್ಟೋಗಳಲ್ಲಿ ಟೈಮಿಂಗ್ ಬೆಲ್ಟ್ ಇರುತ್ತೆ. ಅದನ್ನ ಯಾವಾಗ ಹಾಕಿಸಿದ್ದು ಅಂತ ಕೇಳಿ. ಬಿಲ್ಲು ತೋರಿಸದಿದ್ದರೆ ತಂದ ದಿನವೇ ಹೊಸದು ಹಾಕಿಸಿ. ದಾರಿಯಲ್ಲಿ ತುಂಡಾದರೆ ಗಾಡಿ ನಿಂತಲ್ಲೇ ನಿಲ್ಲುತ್ತೆ.

ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿಸೋ ನಮಗೆ ಡೀಸೆಲ್ ಬೇಡ. ಹಳೇ ಡೀಸೆಲ್ ಗಾಡಿಯ ಪಂಪು, ಇಂಜೆಕ್ಟರು ರಿಪೇರಿಗೆ ಬಂದರೆ ಉಳಿಸಿದ್ದೆಲ್ಲ ಒಂದೇ ದಿನ ಹೋಗುತ್ತೆ. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ಗೆ ಗೊತ್ತಿರೋ, ಅಂಗಡಿಯಲ್ಲಿ ಸಾಮಾನು ಸಿಗೋ ಗಾಡಿಯನ್ನೇ ತಗೊಳ್ಳಿ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದೆ. ಆದರೂ ನಮ್ಮ ಕಡೆ ಅದನ್ನ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸೋರು ಸಿಗ್ತಾರೆ.

ಇನ್ನೊಂದು ವಿಷಯ. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿಗೆ ಶೇಕಡ 20 ಎಥನಾಲ್ ಬೆರೆಸೋದು ಬಂತು. ಹಳೇ ಕಾರಿನ ಪೆಟ್ರೋಲ್ ಪೈಪು, ರಬ್ಬರು ವಾಷರು ಅದಕ್ಕಂತ ಮಾಡಿದ್ದಲ್ಲ. ವರ್ಷಕ್ಕೊಮ್ಮೆ ಅವನ್ನ ನೋಡಿಸಿ. ನನ್ನ ಗಾಡಿ ಮೊದಲು ಲೀಟರಿಗೆ 17 ಕೊಡ್ತಿತ್ತು, ಈಗ 16. ವಯಸ್ಸಿಗೋ ಎಥನಾಲಿಗೋ, ಗಾಡಿಯನ್ನೇ ಕೇಳಬೇಕು. ಇಲಿ ಕಾಟ ಬೇರೆ. ಶೇಂಗಾ ಚೀಲದ ಪಕ್ಕ ಕಾರು ನಿಲ್ಲಿಸಿ ಎರಡು ಸಲ ವೈರು ಕಡಿಸಿಕೊಂಡಿದ್ದೀನಿ.

ಇದೆಲ್ಲ ಮೆಕ್ಯಾನಿಕ್ ನೋಡ್ತಾನೆ. ಅವನಿಗೆ ಐನೂರು ಸಾವಿರ ಕೊಟ್ಟು ಕರಕೊಂಡು ಹೋದರಾಯಿತು. ಕಾಗದ ಮಾತ್ರ ನೀವೇ ನೋಡಬೇಕು. ಚಾಸಿ ನಂಬರು, ಇಂಜಿನ್ ನಂಬರು ಆರ್‌ಸಿಗೆ ತಾಳೆ ಆಗಬೇಕು. ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸಿನದೋ ಹೆಸರಿದ್ದರೆ ಸಾಲ ಇನ್ನೂ ದಾಖಲೆಯಲ್ಲಿದೆ ಅಂತ ಅರ್ಥ. ಸಾಲ ತೀರಿದ ಪತ್ರ, ಫಾರಂ 35 ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, ಫಾರಂ 30. ಇವಕ್ಕೆ ಮಾರುವವರ ಸಹಿ ದುಡ್ಡು ಕೊಡುವ ದಿನವೇ ಆಗಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವನು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ ಅರ್ಜಿ ಹಾಕಬೇಕು. ಇನ್ಶೂರೆನ್ಸಿನಲ್ಲಿ ಹೆಸರು ಬದಲಾಯಿಸಲು ಕೊಂಡವನಿಗೆ 14 ದಿನ. ಫೋನ್ ನಂಬರೂ ನಿಮ್ಮದೇ ಕೊಡಿ. ನಾನು ಕೆಟ್ಟಿದ್ದು ಆ ನಂಬರಿನಿಂದಲೇ.

15 ವರ್ಷಕ್ಕೆ ಆರ್‌ಸಿ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮೊದಲು ಅದಕ್ಕೆ 600 ರೂಪಾಯಿ ಫೀಸಿತ್ತು. 2022ರ ಏಪ್ರಿಲ್‌ನಿಂದ ಕಾರಿಗೆ 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ನಾನು 2024ರಲ್ಲಿ 5,000 ಕಟ್ಟಿದೆ, ಮೇಲೆ ಹಸಿರು ತೆರಿಗೆ. ಅಕ್ಕನ ಮಗ ನೋಡಿರೋ 2012ರ ಗಾಡಿಗೆ 2027ಕ್ಕೆ ಈ ಖರ್ಚು ಬರುತ್ತೆ. ಅದನ್ನ ಬೆಲೆಯಲ್ಲಿ ಈಗಲೇ ಮುರಿಸಿಕೊಳ್ಳಬೇಕು. ಚೌಕಾಸಿಗೆ ಇನ್ನೊಂದು ದಾರಿ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು. ಹೊಸದರ ಬೆಲೆ ಇಳಿದ ಮೇಲೆ ಹಳೇದಕ್ಕೆ ಹಳೇ ಬೆಲೆ ಯಾಕೆ ಕೊಡಬೇಕು?

ಲಾಭದ ಮಾತು ಬೇಡ

ಕಾರಿನಿಂದ ದುಡ್ಡು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೋದ ವರ್ಷದ ಲೆಕ್ಕ ನಾನು ಬರೆದಿಟ್ಟಿದ್ದೀನಿ. 4,500 ಕಿಲೋಮೀಟರ್ ಓಡಿದೆ. ಪೆಟ್ರೋಲಿಗೆ 28,700. ಇನ್ಶೂರೆನ್ಸು 2,900. ಇದರಲ್ಲಿ ಥರ್ಡ್ ಪಾರ್ಟಿ ದರ 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ಗೊತ್ತು ಮಾಡಿದ 2,094. ಆಯಿಲ್, ಸರ್ವೀಸು 4,000. ಕ್ಲಚ್ ಪ್ಲೇಟು, ಬುಷ್ಷು ಅಂತ 7,000. ಟೈರು, ಬ್ಯಾಟರಿ, ಆರ್‌ಸಿ ನವೀಕರಣ ಇವನ್ನ ವರ್ಷಕ್ಕೆ ಹಂಚಿದರೆ 5,000. ಒಟ್ಟು 47,600. ಕಿಲೋಮೀಟರಿಗೆ ಹತ್ತೂವರೆ ರೂಪಾಯಿ ಬಿತ್ತು.

ಚಳ್ಳಕೆರೆಗೆ ಹೋಗಿ ಬರೋಕೆ ಬಾಡಿಗೆ ಕಾರಿಗೆ 800 ಕೇಳ್ತಾರೆ. ನೂರು ಸಲ ಹೋಗಿದ್ದೀವಿ, ಬಾಡಿಗೆಯಾಗಿದ್ದರೆ 80 ಸಾವಿರ ಆಗ್ತಿತ್ತು ಅಂತ ನನ್ನ ಮಗ ಲೆಕ್ಕ ಹಾಕ್ತಾನೆ. ಬಾಡಿಗೆ ಆಗಿದ್ದರೆ ನಾವು ನೂರು ಸಲ ಹೋಗ್ತಾನೇ ಇರಲಿಲ್ಲವಲ್ಲ. ಮೂವತ್ತು ಸಲ ಹೋಗ್ತಿದ್ದೆವು, 24 ಸಾವಿರಕ್ಕೆ ಮುಗೀತಿತ್ತು. ಅಂಗಳದಲ್ಲಿ ಕಾರಿದ್ದರೆ ಒಂದು ಸ್ಪ್ಯಾನರ್ ತರೋಕೂ ಕಾರೇ ಬೇಕು. ಊರಲ್ಲಿ ಅರ್ಧ ಜನ ನೆಂಟರಾಗ್ತಾರೆ. "ಅಣ್ಣಾ, ಪೆಟ್ರೋಲ್ ಹಾಕಿಸ್ತೀನಿ, ಒಂದಿನ ಕೊಡು" ಅಂತಾರೆ. ಬಿಳಿ ಬೋರ್ಡಿನ ಕಾರನ್ನ ಬಾಡಿಗೆಗೆ ಬಿಡೋ ಹಾಗಿಲ್ಲ, ಏನಾದರೂ ಆದರೆ ಇನ್ಶೂರೆನ್ಸಿನವರು ಜಾರಿಕೊಳ್ತಾರೆ. ಕೊಡಲ್ಲ ಅಂದರೆ ಮಾತು ಬಿಡ್ತಾರೆ. ಇಬ್ಬರು ಬಿಟ್ಟಿದ್ದಾರೆ.

ಲೆಕ್ಕ ಓದಿ ಹೇಳಿದರೆ ನನ್ನ ಹೆಂಡತಿ, "ಆ ರಾತ್ರಿ ತಾಡಪಾಲು ಹಿಡ್ಕೊಂಡು ಕೂತಿದ್ದು ನಾನ್ರೀ, ನೀವು ಮುಂದ್ಗಡೆ ಸೀಟಲ್ಲಿದ್ರಿ" ಅಂತಾಳೆ. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ.

ನಾಲ್ಕು ಚಕ್ರ ಅಂದರೆ ಶ್ರೀಮಂತನೇ?

ಈಗ ಕಾರ್ಡಿನ ವಿಷಯ. ಕಾರ್ಡು ಅಂದರೆ ಬರೀ ಅಕ್ಕಿ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಹೊಲದ ರಾಗಿ ಇದೆ, ಅಕ್ಕಿ ಹೋದರೆ ಹೋಗಲಿ ಅನ್ನೋ ಜಂಬ. 2023ರಲ್ಲಿ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಯಿತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರ ಭರಿಸುತ್ತೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನಮ್ಮ ಕೈಯಿಂದ 41,000 ಹೋಯಿತು. ಕಾರಿನ ಬೆಲೆಗೆ ಇದನ್ನೂ ಸೇರಿಸಿಕೊಳ್ಳಬೇಕು ಅಂತ ಆವಾಗ ಗೊತ್ತಾಯಿತು.

ಸರ್ಕಾರದ ನಿಯಮ ಏನು ನೋಡ್ತದೆ? ಚಕ್ರ ಎಣಿಸ್ತದೆ. ಜೀವನಕ್ಕೆ ಅಂತ ಸ್ವಂತ ಓಡಿಸೋ ಒಂದು ಟ್ರ್ಯಾಕ್ಟರೋ ಟ್ಯಾಕ್ಸಿಯೋ ಇದ್ದರೆ ಪರವಾಗಿಲ್ಲ. ಮನೆ ಬಳಕೆಗೆ ನಾಲ್ಕು ಚಕ್ರ ಇದ್ದರೆ ಮುಗೀತು. ಹದಿನೈದು ಲಕ್ಷದ ಹೊಸ ಕಾರೂ ಒಂದೇ, ಗುಜರಿಗೆ ನಾಲ್ಕು ಹೆಜ್ಜೆ ದೂರ ಇರೋ ನನ್ನ ಆಲ್ಟೋನೂ ಒಂದೇ. ಎರಡು ಲಕ್ಷದ ಬುಲೆಟ್ ಬೈಕು ಅಂಗಳದಲ್ಲಿದ್ದರೆ ಕಾರ್ಡಿಗೆ ಏನೂ ಆಗಲ್ಲ. ಅರವತ್ತು ಸಾವಿರಕ್ಕೂ ಯಾರೂ ಕೇಳದ ಕಾರಿದ್ದರೆ ಕಾರ್ಡು ಇಲ್ಲ. ಇದು ಯಾವ ನ್ಯಾಯ?

ವರ್ಷಕ್ಕೆ 28 ಸಾವಿರ ಪೆಟ್ರೋಲಿಗೆ ಸುರಿಯುವವನು ಬಡವ ಹೇಗಾಗ್ತಾನೆ ಅಂತ ನನ್ನ ಪಕ್ಕದ ಹೊಲದವನು ಕೇಳಿದ. ಅವನಿಗೆ ಎರಡೂವರೆ ಎಕರೆ, ಸೈಕಲ್ಲೇ ಗತಿ. ಅವನ ಮಾತನ್ನ ತೆಗೆದುಹಾಕೋಕೆ ನನಗೆ ಆಗಲಿಲ್ಲ. ಅವನ ಮುಂದೆ ನಾನು ಅನುಕೂಲಸ್ಥನೇ. ನನ್ನ ಕಾರ್ಡು ವಾಪಸ್ ಕೊಡಿ ಅಂತ ಅದಕ್ಕೇ ಕೇಳ್ತಾ ಇಲ್ಲ. ಕಾರಿಗೂ ಒಂದು ಬೆಲೆಯ ಮಿತಿ ಇಡಿ ಅಂತ ಕೇಳ್ತೀನಿ. ಜಮೀನಿಗೆ ಮಿತಿ ಇಟ್ಟಿದ್ದಾರೆ, ಬೆದ್ದಲಾದರೆ ಮೂರು ಹೆಕ್ಟೇರು. ಆದಾಯಕ್ಕೆ ಮಿತಿ ಇದೆ, ವರ್ಷಕ್ಕೆ 1.20 ಲಕ್ಷ. ಕಾರಿಗೆ ಮಾತ್ರ ಇಲ್ಲ. ಪೂರ್ತಿ ಇನ್ಶೂರೆನ್ಸಿನ ಪತ್ರದಲ್ಲಿ ಗಾಡಿಯ ಇವತ್ತಿನ ಬೆಲೆ ಅಂತ ಒಂದು ಅಂಕಿ ಬರೆದೇ ಇರುತ್ತೆ. ಇಲ್ಲವಾದರೆ ಗಾಡಿಯ ವಯಸ್ಸು ಆರ್‌ಸಿಯಲ್ಲೇ ಇದೆ. ಹತ್ತು ವರ್ಷ ದಾಟಿದ ಸಣ್ಣ ಕಾರನ್ನ ಲೆಕ್ಕದಿಂದ ಬಿಟ್ಟರೆ ಯಾವ ಶ್ರೀಮಂತನೂ ಅದಕ್ಕೋಸ್ಕರ ಹಳೇ ಆಲ್ಟೋ ಹತ್ತಲ್ಲ.

ಈಗಿನ ನಿಯಮದಿಂದ ಆಗ್ತಿರೋದು ಏನು ಗೊತ್ತಾ? ನಮ್ಮೂರಲ್ಲಿ ಈಗ ಒಂಬತ್ತು ಕಾರಿವೆ. ನನಗೆ ಗೊತ್ತಿರೋ ಹಾಗೆ ನಾಲ್ಕು ಇನ್ನೂ ಮಾರಿದವರ ಹೆಸರಲ್ಲೇ ಇವೆ. ಅವರೆಲ್ಲ ಕಳ್ಳರಲ್ಲ, ಕಾರ್ಡಿನ ಭಯದವರು. ಆ ನಾಲ್ಕರಲ್ಲಿ ಯಾವುದಾದರೂ ನಾಳೆ ಒಬ್ಬನಿಗೆ ಗುದ್ದಿದರೆ ನೋಟೀಸು ಯಾವುದೋ ಊರಿನ ಯಾವುದೋ ಮೇಷ್ಟ್ರಿಗೆ ಹೋಗುತ್ತೆ. ಇನ್ಶೂರೆನ್ಸ್ ಮುಗಿದಿದ್ದರೆ ಕಾಲು ಮುರಿದುಕೊಂಡವನಿಗೆ ದುಡ್ಡು ಸಿಗೋದು ಅನುಮಾನ. ಮಾರಿದವರಿಗೂ ಕಷ್ಟ. ದಾಖಲೆಯಲ್ಲಿ ಕಾರು ಅವರದೇ ಆಗಿರೋದರಿಂದ, ಮಾರಿ ವರ್ಷಗಳಾದರೂ ಅವರ ಕಾರ್ಡಿಗೇ ಕತ್ತರಿ ಬೀಳಬಹುದು. ನೀವೇ ಮಾರುವವರಾದರೆ ಫಾರಂ 29ರ ಒಂದು ಪ್ರತಿ, ಕೊಂಡವರ ಆಧಾರ್ ಪ್ರತಿ ಇಟ್ಟುಕೊಂಡು ಆರ್‌ಟಿಓಗೆ ನೀವೇ ತಿಳಿಸಿ. ಅವರು ಮಾಡಿಸ್ತಾರೆ ಅಂತ ಕಾಯಬೇಡಿ. ನನ್ನಂಥವರು "ಆಯ್ತು ಸಾರ್" ಅಂತಾನೇ ಹೇಳೋದು.

ನಿಯಮ ಬದಲಾಗೋ ತನಕ ನಮ್ಮ ಮುಂದೆ ಇರೋದು ಎರಡೇ. ಕಾರ್ಡು ಬೇಕೇ ಬೇಕು, ಮನೆಯಲ್ಲಿ ಕಾಯಿಲೆಯವರಿದ್ದಾರೆ ಅನ್ನೋರು ಕಾರು ತರಬೇಡಿ. ಊರಲ್ಲಿ ಹಳದಿ ಬೋರ್ಡಿನ ಗಾಡಿ ಇಟ್ಟಿರೋ ಹುಡುಗನ ನಂಬರು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ರಾತ್ರಿ ಬಾಡಿಗೆ ಎಷ್ಟು ಅಂತ ಹಗಲೇ ಮಾತಾಡಿಕೊಂಡಿರಿ. ಕಾರೇ ಬೇಕು ಅನ್ನೋರು ಕಾರ್ಡು ಹೋಗುತ್ತೆ ಅಂತ ತಿಳಿದೇ ತಂದು ಹೆಸರಿಗೆ ಮಾಡಿಸಿ. ಮೂರನೇ ದಾರಿ ಹುಡುಕಿದವನು ನಾನು. ಹದಿನಾಲ್ಕು ಕುರಿ ಹೋದವು, ಮೇಷ್ಟ್ರು ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ ತಲೆ ಅಲ್ಲಾಡಿಸಿ ಮುಂದೆ ಹೋಗ್ತಾರೆ.

ಅಕ್ಕನ ಮಗ ಎಲ್ಲ ಕೇಳಿಸಿಕೊಂಡ. ಅವನ ಮನೆಯಲ್ಲಿ ನಮ್ಮಕ್ಕನಿಗೆ ಸಕ್ಕರೆ ಕಾಯಿಲೆ, ಭಾವನಿಗೆ ಹೋದ ವರ್ಷ ಎದೆನೋವು ಬಂದಿತ್ತು. ಭಾವನ ಚಿಕಿತ್ಸೆ ಆಗಿದ್ದು ಆ ಕಾರ್ಡಿನಲ್ಲೇ. "ಮನೇಲಿ ಮಾತಾಡಿ ಹೇಳ್ತೀನಿ ಮಾವ" ಅಂತ ಎದ್ದು ಹೋದ. ಮೊನ್ನೆ ಫೋನ್ ಮಾಡಿದ್ದ, ದಾವಣಗೆರೆಯವರು ಒಂದೂನಲವತ್ತಕ್ಕೆ ಇಳಿದಿದ್ದಾರಂತೆ. "ಫಾರಂ 29, 30 ಎರಡೂ ಬರೆಸಿ ಸಹಿ ಹಾಕಿಸೋದಾದ್ರೆ ಭಾನುವಾರ ಬರ್ತೀನಿ, ಇಲ್ಲಾಂದ್ರೆ ನನ್ನ ಕರೀಬೇಡ" ಅಂದಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.